ಒಸಡಿನಲ್ಲಿಟ್ಟ ದಾರ

ಫೆಬ್ರವರಿ 4

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದ.

ಕಾಗದದ ಮೊದಲಿಗೆ ‘ನಾನಿಲ್ಲಿ ಚೆನ್ನಾಗಿದ್ದೇನೆ’ ಎಂದು ಬರೆಯಬೇಕು ಅಂತ ಊರ ಶಾಲೆಯಲ್ಲಿ ಕಲಿಸಿದ್ದರು. ಎರಡೂ ಕಿಡ್ನಿ ಕೈಕೊಟ್ಟವಳು ಹಾಗೆ ಬರೆದರೆ ನೀನೇ ನಗುತ್ತೀಯ. ಆದ್ದರಿಂದ ಇರುವುದನ್ನು ಇರುವ ಹಾಗೇ ಬರೆಯುತ್ತೇನೆ. ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ನೀನು ಲಾರಿ ತೂಗುವ ಜಾಗದಲ್ಲಿ ನಿನಗೆ ನನ್ನ ಮಾತು ಕೇಳುವುದಿಲ್ಲ, ಕೇಳಿದರೆ ಇಬ್ಬರೂ ಅಳುತ್ತೇವೆ. ಕಾಗದದಲ್ಲಿ ಅತ್ತರೆ ಶಾಯಿ ಹರಡುತ್ತದೆ ಅನ್ನುವ ಹೆದರಿಕೆಗಾದರೂ ಸುಮ್ಮನಿರುತ್ತೇನೆ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಎಡಗೈ ಯಂತ್ರದ್ದು, ಬಲಗೈ ನನ್ನದು. ಈಗ ಆ ಬಲಗೈಯೇ ಬರೆಯುತ್ತಿರುವುದು.

ಹೊಸ ಕಿಡ್ನಿ ಹಾಕಲು ಮಾರ್ಚ್ 11 ಅಂತ ಡೇಟು ಕೊಟ್ಟಿದ್ದಾರಲ್ಲ, ಅದಕ್ಕೆ ಮುಂಚೆ ಮೈಯಲ್ಲಿ ಎಲ್ಲೂ ಕೀವು ಇರಬಾರದಂತೆ. ಕಿಡ್ನಿ ಡಾಕ್ಟರು ಹಲ್ಲು ತೋರಿಸಿಕೊಂಡು ಬನ್ನಿ ಅಂದರು. ಹೊಟ್ಟೆಯೊಳಗಿನ ಕೆಲಸಕ್ಕೂ ಬಾಯಿಗೂ ಏನು ಸಂಬಂಧವೋ ಎಂದುಕೊಂಡೇ ಹೋದೆ. ಒಸಡಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಸಣ್ಣ ಕಡ್ಡಿಯೊಂದನ್ನು ಹಲ್ಲಿನ ಸುತ್ತ ಚುಚ್ಚಿ ಚುಚ್ಚಿ ನೋಡಿ, “ಅಮ್ಮಾ, ಇಲ್ಲಿ ಹಲ್ಲಿಗೂ ಒಸಡಿಗೂ ನಡುವೆ ಆಳವಾದ ಜೇಬು ಆಗಿದೆ, ಒಳಗೆ ಕೀವಿದೆ” ಅಂದಳು. ಆಯುಷ್ಯವೆಲ್ಲ ಬೇರೆಯವರ ಬಟ್ಟೆಗೆ ಜೇಬು ಹೊಲಿದಿದ್ದೇನೆ, ನನ್ನ ಬಾಯೊಳಗೇ ಒಂದು ಇದೆ ಅಂತ ಗೊತ್ತಿರಲಿಲ್ಲ ಅಂದೆ. ಪಾಪ, ನಕ್ಕುಬಿಟ್ಟಳು. ಜೇಬು ಇರುವುದು ಎಡಗಡೆ ಕೆಳಗಿನ ಕೋರೆಹಲ್ಲಿಗೆ. ಅದೇ, ನಾನು ದಾರ ಕಡಿಯುವ ಹಲ್ಲು.

ಹೊಸ ಕಿಡ್ನಿಯನ್ನು ಮೈ ದೂರ ತಳ್ಳಬಾರದು ಅಂತ ಆಮೇಲೆ ಮೈಯ ಶಕ್ತಿ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಆಗ ಈ ಚೂರು ಕೀವೇ ಜೀವಕ್ಕೆ ಕುತ್ತಾಗಬಹುದಂತೆ. ವಾಸಿಯಾಗಲು ನುಂಗುವ ಮಾತ್ರೆ ಕೊಡೋಣವೆಂದರೆ, ಈಗಿರುವ ಮಾತ್ರೆಗಳ ಮೇಲೆ ಇನ್ನೊಂದನ್ನು ಈ ಮೈ ತಡೆಯುವುದಿಲ್ಲ ಎಂದು ಕಿಡ್ನಿ ಡಾಕ್ಟರು ಬೇಡ ಅಂದರು. ಹಾಗಾಗಿ ಹಲ್ಲಿನ ಬುಡವನ್ನೆಲ್ಲ ಕೆರೆದು ತೊಳೆದು, ಆ ಜೇಬಿನೊಳಗೆ ಒಂದು ದಾರ ಇಟ್ಟಿದ್ದಾಳೆ. ದಾರದ ತುಂಬ ಔಷಧಿ. ಅದು ಅಲ್ಲೇ ಕೂತು, ಬೇಕಾದ ಕಡೆಗೆ ಮಾತ್ರ, ಸ್ವಲ್ಪ ಸ್ವಲ್ಪವೇ ಔಷಧಿ ಬಿಡುತ್ತದಂತೆ. ಮಿಕ್ಕ ಮೈಗೆ ಹೊರೆಯಿಲ್ಲ. ಮೇಲೆ ಅಂಟು ಹಾಕಿ ಮುಚ್ಚಿದ್ದಾಳೆ. ಹತ್ತು ದಿನ ಬಿಟ್ಟು ಅವಳೇ ತೆಗೆಯುತ್ತಾಳೆ. “ಅಲ್ಲೀವರೆಗೆ ಆ ಕಡೆ ಅಗಿಯಬೇಡಿ, ಉಜ್ಜಬೇಡಿ, ನಾಲಿಗೆಯಲ್ಲೂ ಮುಟ್ಟಬೇಡಿ. ಅದನ್ನ ಅದರ ಪಾಡಿಗೆ ಬಿಟ್ಟುಬಿಡಿ” ಅಂತ ಎರಡೆರಡು ಸಲ ಹೇಳಿದಳು.

ದೇವರು ಎಂಥೆಂಥವರಿಗೆ ಎಂಥೆಂಥ ಬುದ್ಧಿ ಕೊಟ್ಟಿದ್ದಾನೆ ನೋಡು.

ಇನ್ನೊಂದು ಮಾತು. ನೀನು ನಿನ್ನದೊಂದು ಕಿಡ್ನಿ ಕೊಡುತ್ತೇನೆ ಅಂದದ್ದು ದೊಡ್ಡ ಮಾತು. ಆದರೆ ಎಲ್ಲ ಆ ದೇವರ ಇಚ್ಛೆ. ನಿನಗೆ ಯಾವ ಕ್ಷಣದಲ್ಲಿ ಬೇಡ ಅನ್ನಿಸಿದರೂ ನನಗೇನೂ ಬೇಸರವಿಲ್ಲ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕಾ,

ನಿನ್ನ ಕಾಗದ ಇವರು ಓದಿದರು, ನಾನು ಓದಿದೆ, ಟೀ ಕೊಡಲು ಬಂದವನಿಗೂ ಜೇಬಿನ ವಿಷಯ ಹೇಳಿದೆ. ಎಲ್ಲರೂ ನಿನ್ನನ್ನು ಕೇಳಿದ್ದಾರೆ.

ಕಾಗದ ಬರೆಯುವಾಗ ನಿನ್ನ ತೂಕ ಬರಿ ಅಂತ ಹೇಳಿರಲಿಲ್ಲವೇ? ಯಂತ್ರಕ್ಕೆ ಕೂರುವ ಮುಂಚೆ ಎಷ್ಟು, ಎದ್ದ ಮೇಲೆ ಎಷ್ಟು? ನಾನು ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ ಮಾಡುತ್ತೇನೆ, ತುಂಬಿದ ಗಾಡಿ ಎಷ್ಟು, ಖಾಲಿ ಗಾಡಿ ಎಷ್ಟು ಅಂತ. ಕಂಡವರ ಲಾರಿಯ ತೂಕ ಗೊತ್ತು, ನನ್ನ ಅಕ್ಕನದು ಗೊತ್ತಿಲ್ಲ ಅಂದರೆ ಹೇಗೆ?

ರಜೆ ಸಿಕ್ಕಿತು. ತೊಂದರೆಯೇ ಆಗಲಿಲ್ಲ. ಮ್ಯಾನೇಜರು ನಗುನಗುತ್ತಾ ಸಹಿ ಹಾಕಿದರು. ನಾನು ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ಮಲಗುತ್ತೇನೆ. ಮಾರ್ಚ್ 9ಕ್ಕೆ ಅಲ್ಲಿರುತ್ತೇನೆ.

ಆ ಹಲ್ಲಿನಲ್ಲಿ ದಾರ ಕಡಿಯುವುದನ್ನು ಬಿಡು ಮಾರಾಯ್ತಿ. ಅಮ್ಮನೂ ಹಾಗೇ ಕಡಿದೂ ಕಡಿದೂ ಕೊನೆಗೆ ಗಂಜಿ ಕುಡಿಯಲು ಕೂಡ ಮುಖ ಸೊಟ್ಟ ಮಾಡುತ್ತಿದ್ದಳಲ್ಲ. ನಿನಗೆ ಕತ್ತರಿ ಅಂತ ಒಂದು ವಸ್ತು ಇದೆ ಅಂತ ಯಾರೂ ಹೇಳಿಲ್ಲವೇ?

‘ಬೇಡ ಅನ್ನಿಸಿದರೆ’ ಅಂತ ಇನ್ನೊಂದು ಸಲ ಬರೆದರೆ ಕಾಗದ ವಾಪಸ್ ಕಳಿಸುತ್ತೇನೆ, ಸ್ಟ್ಯಾಂಪು ಅಂಟಿಸದೆ. ದಂಡ ನೀನೇ ಕಟ್ಟು.

ಪುಟ್ಟಿ


ಫೆಬ್ರವರಿ 10

ಪ್ರೀತಿಯ ಪುಟ್ಟಿಗೆ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಆದರೆ ಇವತ್ತು ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ತಡೆಯದು.

ಇವತ್ತು ಯಂತ್ರದ ದಿನವಲ್ಲ, ಅಂಗಡಿಯಲ್ಲಿದ್ದೆ. ಶಾಲೆಯ ಸಮವಸ್ತ್ರದ ಪ್ಯಾಂಟುಗಳಿಗೆ ಮಡಿಕೆ ಹಾಕುತ್ತಿದ್ದೆ. ಕತ್ತರಿ ಪಕ್ಕದಲ್ಲೇ ಇತ್ತು. ಆದರೂ ಕೈ ದಾರವನ್ನು ಬಾಯಿಗೆ ಒಯ್ದಿತು, ಹಲ್ಲು ಕಡಿಯಿತು. ನಾನು ಮಾಡಿದೆ ಅನ್ನುವುದಕ್ಕಿಂತ ಅವೆರಡೇ ಸೇರಿ ಮಾಡಿಕೊಂಡವು. ಅಷ್ಟರಲ್ಲಿ ನಾಲಿಗೆಗೆ ಏನೋ ತುದಿ ಸಿಕ್ಕಿತು. ಅಂಟು ಬಿಟ್ಟಿತ್ತು. ಔಷಧಿಯ ದಾರ ಒಂದು ಬೆರಳಗಲ ಹೊರಗೆ ಬಂದು ಜೋತಾಡುತ್ತಿತ್ತು.

ಡಾಕ್ಟರ ಹತ್ತಿರ ಹೋಗೋಣವೆಂದು ಚಪ್ಪಲಿ ಮೆಟ್ಟಿದೆ. ಆಮೇಲೆ ಯೋಚನೆ ಬಂತು. ಹೋದರೆ ಮತ್ತೆ ಮೊದಲಿನಿಂದ ಇಡುತ್ತೇನೆ ಅನ್ನುತ್ತಾಳೆ, ಮತ್ತೆ ಹತ್ತು ದಿನ ಅನ್ನುತ್ತಾಳೆ, ಕಿಡ್ನಿ ಡಾಕ್ಟರಿಗೆ ತಿಳಿದರೆ 11ನೇ ತಾರೀಕು ಮುಂದಕ್ಕೆ ಹೋಗುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದೆ.

ಪುಟ್ಟಿ, ನಾನು ಹೊಲಿಗೆಯವಳು. ಪೈಜಾಮದ ಲಾಡಿ ಒಳಗೆ ಸರಿದುಹೋದರೆ ಬಟ್ಟೆ ಬಿಸಾಡುತ್ತೇವೆಯೇ? ಲಾಡಿ ತೂರಿಸುವ ಮೊಂಡ ಸೂಜಿಯನ್ನು ಬಿಸಿನೀರಿನಲ್ಲಿ ಕುದಿಸಿದೆ. ಕನ್ನಡಿ ಮುಂದೆ ಕಿಟಕಿಯ ಬೆಳಕಿಗೆ ನಿಂತೆ. ದೇವರ ಹೆಸರು ಹೇಳಿ ಆ ದಾರವನ್ನು ಸುತ್ತಲೂ ಮೆಲ್ಲಗೆ ಒಳಗೆ ತಳ್ಳಿದೆ. ಎಷ್ಟು ಚೆನ್ನಾಗಿ ಕೂತಿತು ಅಂದರೆ ತುದಿ ಕೂಡ ಕಾಣುವುದಿಲ್ಲ. ಸ್ವಲ್ಪ ರಕ್ತ ಬಂತು, ನಿಂತಿತು. ತೆಗೆಯುವ ದಿನ ಆ ಹುಡುಗಿ ನೋಡಲಿ, ಯಾರ ಕೈ ಅಚ್ಚುಕಟ್ಟು ಅಂತ.

ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ.

ಅಕ್ಕ


ಫೆಬ್ರವರಿ 16

ಅಕ್ಕಾ,

ನಿನಗೇನು ತಲೆ ಕೆಟ್ಟಿದೆಯೇ?

ಬಾಯಿ ಅಂದರೆ ಪೈಜಾಮವೇ? ಕಾಗದ ಕೈಗೆ ಬಂದ ಕೂಡಲೇ ಮೂರು ಸಲ ನಿನಗೆ ಫೋನು ಮಾಡಿದೆ, ನೀನು ತೆಗೆಯಲಿಲ್ಲ. ಅಂಗಡಿಗೆ ಮಾಡಿದರೆ ನಿಮ್ಮ ಯಜಮಾನಿ, “ಅವರು ಬಂದಿಲ್ಲ, ಮೈ ಸ್ವಲ್ಪ ಬೆಚ್ಚಗಿದೆ ಅಂದ್ರು” ಅಂದರು. ಬೆಚ್ಚಗೆ ಅಂದರೆ ಎಷ್ಟು ಬೆಚ್ಚಗೆ? ಈ ಕಾಗದ ತಲುಪುವಷ್ಟರಲ್ಲಿ ನೀನು ಡಾಕ್ಟರಿಗೆ ಹೇಳಿರುತ್ತೀಯ ಅಂತ ನಂಬಿದ್ದೇನೆ. ಹೇಳಿರದಿದ್ದರೆ ಇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು. ನಿನಗೆ ನಾಚಿಕೆಯಾದರೆ ಬಾಯಿ ತೆರೆದು ಕೂತುಕೋ, ಅವರೇ ನೋಡಿಕೊಳ್ಳುತ್ತಾರೆ.

ಇವತ್ತು ಜೋಕು ಹೊಳೆಯುತ್ತಿಲ್ಲ.

ಪುಟ್ಟಿ


ಫೆಬ್ರವರಿ 25

ಪುಟ್ಟಿಗೆ,

ನಿನ್ನ ಎರಡೂ ಕಾಗದ ತಲುಪಿದವು. ಸ್ವಲ್ಪ ಊತ ಬಂದಿತ್ತು, ಇಳಿಯುತ್ತಿದೆ. ಗಾಬರಿಪಡುವಂಥದ್ದು ಏನೂ ಇಲ್ಲ. 11ನೇ ತಾರೀಕು ಮಾತ್ರ ಇಲ್ಲವಂತೆ. ಮುಂದಿನ ಡೇಟು ಆಮೇಲೆ ಹೇಳುತ್ತಾರೆ. ನೀನು ಈಗ ರಜೆ ಹಾಕಬೇಡ, ಬರಬೇಡ.

ಎಲ್ಲ ದೇವರ ಇಚ್ಛೆ. ತಡವಾಗುವುದರಲ್ಲಿ ಅವನ ಉದ್ದೇಶ ಏನೋ ಇರಬಹುದು. ನೀನೂ ಒಂದು ಸಲ ನಿಧಾನವಾಗಿ ಯೋಚನೆ ಮಾಡು. ನಿನ್ನ ಹೋದ ಕಾಗದ ಅರ್ಧ ಪುಟವೂ ಇರಲಿಲ್ಲ. ಮನಸ್ಸಿನಲ್ಲಿ ಏನಾದರೂ ಇದ್ದರೆ ಒಳಗೆ ಇಟ್ಟುಕೊಳ್ಳಬೇಡ.

ಅಕ್ಕ


ಮಾರ್ಚ್ 2

ಅಕ್ಕಾ,

ಒಂದು ಪ್ರಶ್ನೆ ಕೇಳುತ್ತೇನೆ. ದೇವರ ಮೇಲೆ ಹಾಕದೆ ನೀನೇ ಉತ್ತರ ಕೊಡು.

ನೀನು ಬೇಕೆಂದೇ ಮಾಡಿದೆಯಾ?

ಆಯುಷ್ಯವೆಲ್ಲ ಸೂಜಿ ಹಿಡಿದವಳಿಗೆ, ಮುಟ್ಟಬೇಡಿ ಅಂದದ್ದನ್ನು ಮುಟ್ಟಬಾರದು ಅಂತ ಗೊತ್ತಿರಲಿಲ್ಲವೇ? ಮೊದಲ ಕಾಗದದಲ್ಲಿ ‘ಬೇಡ ಅನ್ನಿಸಿದರೆ’ ಅಂದೆ. ಈಗ ‘ಯೋಚನೆ ಮಾಡು’ ಅನ್ನುತ್ತೀಯ. ನಿನಗೆ ನನ್ನ ಕಿಡ್ನಿ ಬೇಡ ಅಂದರೆ ಬೇಡ ಅನ್ನು. ನೀನು ಯಾವತ್ತೂ ನನ್ನಿಂದ ಏನನ್ನೂ ತೆಗೆದುಕೊಂಡವಳಲ್ಲ. ನನ್ನ ಮೊದಲ ಸಂಬಳದಲ್ಲಿ ತಂದ ಶಾಲನ್ನು ನನ್ನ ಮೈಗೇ ಹೊದಿಸಿ ಕಳಿಸಿದವಳು ನೀನು. ಕೊಡುವ ಕೆಲಸ ಎಲ್ಲ ನಿನ್ನದೇ, ತೆಗೆದುಕೊಳ್ಳುವವರು ಮಾತ್ರ ನಾವು. ಈ ಒಂದು ಸಲವಾದರೂ ನನಗೆ ಬಿಟ್ಟುಕೊಡಬಾರದಿತ್ತೇ?

ನನಗೆ ನಿದ್ದೆ ಚೆನ್ನಾಗಿ ಬರುತ್ತಿದೆ. ನನ್ನ ಬಗ್ಗೆ ಚಿಂತೆ ಬೇಡ.

ನಿನ್ನ ತಂಗಿ

(ಇದೇ ಲಕೋಟೆಯಲ್ಲಿ, ಬೇರೆ ಅಕ್ಷರದ ಒಂದು ಚೀಟಿ)

ಅಕ್ಕಾ, ನಮಸ್ಕಾರ. ನಿಮ್ಮ ತಂಗಿ ಲಕೋಟೆ ಅಂಟಿಸಲು ನನಗೆ ಕೊಟ್ಟಳು, ಅದಕ್ಕೆ ಈ ಕಳ್ಳತನ. ಅವಳಿಗೆ ನಿದ್ದೆಯೂ ಇಲ್ಲ, ಊಟವೂ ಇಲ್ಲ. ರಜೆ ಕೊಡುವುದಿಲ್ಲ ಅಂತ ಮ್ಯಾನೇಜರು ಮೊದಲೇ ಹೇಳಿದ್ದರು. ಇವಳು ‘ಹಾಗಾದರೆ ಕೆಲಸವೇ ಬೇಡ’ ಅಂತ ಕೂಗಾಡಿ ಸಹಿ ಹಾಕಿಸಿಕೊಂಡಿದ್ದಳು. ನಾನು ಗಂಡ, ನನಗೂ ಅಪರೇಷನ್ನಿನ ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ಇವಳಿಗೆ ಅದಿಲ್ಲ. ಅಕ್ಕ ಬೇಡ ಅಂದುಬಿಡುತ್ತಾಳೆ, ಬೇಡ ಅಂದು ಸತ್ತುಹೋಗುತ್ತಾಳೆ ಅನ್ನುವುದೊಂದೇ ಹೆದರಿಕೆ. ನೀವು ಏನಾದರೂ ಬರೆಯಿರಿ. ಆದರೆ ಸರಿಯಾಗಿ ಬರೆಯಿರಿ.


ಮಾರ್ಚ್ 8

ಪುಟ್ಟಿ,

ನಿನ್ನ ಯಜಮಾನರಿಗೆ ದೇವರು ಒಳ್ಳೆಯದು ಮಾಡಲಿ. ಅವರ ಚೀಟಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರು ಸರಿಯಾಗಿ ಬರೆಯಿರಿ ಅಂದಿದ್ದಾರೆ, ಅದಕ್ಕೆ ಸರಿಯಾಗಿ ಬರೆಯುತ್ತೇನೆ.

ಸ್ವಲ್ಪ ಊತ ಅಂತ ಬರೆದದ್ದು ಸುಳ್ಳು. ಸೂಜಿ ಹಾಕಿದ ಮೂರನೇ ದಿನ ದವಡೆ ಕಲ್ಲಿನ ಹಾಗಾಯಿತು. ಆದರೂ ಬಾಯಿ ಬಿಡಲಿಲ್ಲ, ದಾರ ತೆಗೆಯುವ ದಿನ ಹೇಗೂ ಹೋಗಬೇಕಲ್ಲ ಎಂದುಕೊಂಡು ಮಲಗಿದೆ. ಆ ದಿನ ಬಂತು, ಏಳಲಾಗಲಿಲ್ಲ. ಅದರ ಮರುದಿನ ಯಂತ್ರದ ಕುರ್ಚಿಯಲ್ಲಿ ಚಳಿ ಹಿಡಿದು ಹಲ್ಲು ಕಟಕಟ ಅನ್ನತೊಡಗಿದವು. ನರ್ಸು ಓಡಿಬಂದು ಮೂರು ಹೊದಿಕೆ ಹಾಕಿದರೂ ನಿಲ್ಲಲಿಲ್ಲ. ಅಲ್ಲಿಂದಲೇ ವಾರ್ಡಿಗೆ ಹಾಕಿದರು. ನಿನ್ನ ಫೋನು ಬಂದಾಗ ನಾನು ಅಲ್ಲಿದ್ದೆ. ಫೋನು ಮನೆಯ ಮೊಳೆಗೆ ನೇತುಹಾಕಿದ ಚೀಲದಲ್ಲಿತ್ತು.

ಒಸಡಿನ ಡಾಕ್ಟರು ವಾರ್ಡಿಗೇ ಬಂದಳು. ಟಾರ್ಚು ಹಾಕಿ ನೋಡಿದಳು.

“ಇದನ್ನ ಇಷ್ಟು ಆಳಕ್ಕೆ ತುರುಕಿದ್ದು ಯಾರು?”

“ನಾನೇ.”

“ಯಾವುದರಿಂದ?”

“ಲಾಡಿ ಸೂಜಿಯಿಂದ.”

ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ಕೆಳಗಿಟ್ಟಳು. “ಅಮ್ಮಾ, ನಾನು ವರ್ಷಗಟ್ಟಲೆ ಇದನ್ನೇ ಓದಿದ್ದೀನಿ. ಲಾಡಿ ಸೂಜಿ ಅಂತ ಒಂದು ಪಾಠ ಇರಲಿಲ್ಲ.”

ನನಗೂ ನಗು ಬಂತು, ಅಳುವೂ ಬಂತು. ಅವಳಿಗೆ ಎರಡೂ ಬರಲಿಲ್ಲ. “ದಾರ ಒಳಗೆ ಇದ್ದರೆ ಸಾಕು ಅಂದ್ಕೊಂಡ್ರಾ? ಅಂಟು ಬಿಟ್ಟ ಮೇಲೆ ಅದಕ್ಕೆ ಬಾಯಲ್ಲಿರೋ ಕೊಳೆಯೆಲ್ಲ ಹತ್ತಿತ್ತು. ನೀವು ಕೊಳೆ ಸಮೇತ ಒಳಗೆ ತಳ್ಳಿದ್ರಿ, ಒಸಡನ್ನೂ ಹರಿದ್ರಿ. ಅದು ಅಲ್ಲಾಡದೆ ಇದ್ದರೆ ಔಷಧಿ, ಇಲ್ದಿದ್ದರೆ ಬರೀ ದಾರ” ಅಂದಳು. ಆಮೇಲೆ ಕಿಡ್ನಿ ಡಾಕ್ಟರು ಬಂದರು. ಅವರು ಬೈಯುವುದಿಲ್ಲ, ಅದೇ ಕಷ್ಟ. ನೇತುಹಾಕಿದ ಬಾಟಲಿ ತೋರಿಸಿ, “ಯಾವ ಹೊರೆ ತಪ್ಪಿಸೋಣ ಅಂತ ಒಸಡಿಗಷ್ಟೇ ಔಷಧಿ ಇಟ್ಟೆವೋ, ಅದನ್ನೇ ಈಗ ರಕ್ತಕ್ಕೆ ಹಾಕ್ತಾ ಇದ್ದೀವಿ ನೋಡಿ” ಅಂದರು.

ಜ್ವರ ಬಿಟ್ಟಿದೆ. ಆ ದಾರ ತೆಗೆದು, ಕೀವು ತೊಳೆದು, ಒಸಡು ಕೂಡಿಕೊಳ್ಳಲು ಬಿಟ್ಟಿದ್ದರು. ಮನೆಗೆ ಬಂದಿದ್ದೇನೆ, ಇದನ್ನು ಬರೆಯುತ್ತಿರುವುದು ಮಾತ್ರ ಯಂತ್ರದ ಕುರ್ಚಿಯಲ್ಲಿ.

ಈಗ ನಿನ್ನ ಪ್ರಶ್ನೆ. ಕಾಗದ ಬಂದ ದಿನ ಅದನ್ನು ದೇವರ ಮುಂದೆ ಇಟ್ಟುಕೊಂಡು ಕೂತೆ. ಕೈ ಬೇಕೆಂದೇ ಮಾಡಿತೋ, ನನಗೆ ಗೊತ್ತಿಲ್ಲದ ಹಾಗೆ ಮನಸ್ಸೇ ಮಾಡಿಸಿತೋ ಅಂತ ಎಷ್ಟೋ ಹೊತ್ತು ನನ್ನನ್ನೇ ಕೇಳಿಕೊಂಡೆ. ಇಲ್ಲ ಪುಟ್ಟಿ. ಬೇಡ ಅಂತ ಮಾಡಿದ್ದಲ್ಲ. ಡೇಟು ತಪ್ಪಬಾರದು ಅಂತ ಮಾಡಿದ್ದು. ಬೇಕು ಅಂತಲೇ ಮಾಡಿದ್ದು.

ನನಗೆ ಬದುಕಬೇಕು. ಇದನ್ನು ಬರೆಯಲು ಎಷ್ಟು ನಾಚಿಕೆಯಾಗುತ್ತಿದೆ ಅಂದರೆ ಪಕ್ಕದ ಕುರ್ಚಿಯವರಿಗೆ ಕಾಣದ ಹಾಗೆ ಕೈ ಅಡ್ಡ ಇಟ್ಟುಕೊಂಡಿದ್ದೇನೆ. ನಿನ್ನ ಕಿಡ್ನಿ ನನಗೆ ಬೇಕು. ಪ್ರಾರ್ಥನೆಗೆ ಕೂತರೆ ‘ನಿನ್ನ ಇಚ್ಛೆಯಂತೆ ಆಗಲಿ’ ಅಂತ ಬಾಯಿ ಹೇಳುತ್ತಿತ್ತು, ಒಳಗೆ ‘11ನೇ ತಾರೀಕು, 11ನೇ ತಾರೀಕು’ ಅಂತ ಓಡುತ್ತಿತ್ತು. ಎತ್ತಿ ಬೆಳೆಸಿದ ತಂಗಿಯ ಹೊಟ್ಟೆ ಕೊಯ್ಯಿಸಿಯಾದರೂ ಬದುಕಬೇಕು ಅನ್ನಿಸುವ ಆಸೆ ಇದು. ಇಂಥ ಆಸೆಯನ್ನು ಯಾರ ಮುಂದೆ ಹೇಳಲಿ? ಅದಕ್ಕೇ ‘ಬೇಡ ಅನ್ನಿಸಿದರೆ’ ಅಂತ ನಿನಗೆ ಬರೆಯುತ್ತಿದ್ದೆ. ನೀನು ಬೇಡ ಅಂದುಬಿಟ್ಟರೆ ಈ ಆಸೆಯಾದರೂ ಸಾಯಲಿ ಅಂತ. ನಿನ್ನ ಅರ್ಧ ಪುಟದ ಕಾಗದ ಓದಿ, ಇವಳಿಗೆ ಮನಸ್ಸು ತಿರುಗಿದೆ, ಬಾಯಿಬಿಟ್ಟು ಹೇಳಲಾರಳು ಎಂದುಕೊಂಡೆ. ನಿನಗೆ ಬಾಯಿಬಿಟ್ಟು ಹೇಳಲಾಗದ ವಿಷಯ ಅಂತ ಈ ಲೋಕದಲ್ಲಿ ಒಂದಿದೆ ಅಂತ ನಂಬಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ಇನ್ನೂ ಒಂದು ಮುಚ್ಚಿಟ್ಟಿದ್ದೆ. ಯಂತ್ರದ ಮೇಲೆ ಇದ್ದೂ ಇದ್ದೂ ನನ್ನ ಹೃದಯ ಹಿಗ್ಗುತ್ತಿದೆಯಂತೆ. ಬಹಳ ತಡಮಾಡುವ ಹಾಗಿಲ್ಲ ಅಂತ ಕಿಡ್ನಿ ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು.

ಹಲ್ಲು ಕಿತ್ತುಬಿಡಿ ಅಂತ ಅವರು ಹೇಳಿದರು. ಒಸಡಿನ ಹುಡುಗಿ ಮಾತ್ರ, ಮೂಳೆ ಇನ್ನೂ ಗಟ್ಟಿಯಿದೆ, ಕಿತ್ತರೆ ಆ ಗಾಯ ಮಾಯಲೂ ಕಾಯಬೇಕು, ಇನ್ನೊಂದೇ ಒಂದು ಸಲ ದಾರ ಇಟ್ಟು ನೋಡೋಣ ಅಂದಳು. ಈ ಸಲವೂ ಜೇಬು ಮುಚ್ಚದಿದ್ದರೆ ಹಲ್ಲು ಹೋಗುತ್ತದೆ, ನಿನ್ನ ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ, ಅಪರೇಷನ್ನು ಯಾವಾಗಲೋ. ಅಷ್ಟು ಕಾಲ ನನ್ನ ಹೃದಯ ಕಾಯುತ್ತದೋ ಇಲ್ಲವೋ ಅಂತ ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಇಡ್ತೀನಿ, ಆದರೆ ನಿಮ್ಮ ಕೈಯನ್ನ ನಂಬಬಹುದಾ?” ಅಂತ ಕೇಳಿದಳು.

ನಂಬಬೇಡಿ ಅಂದೆ. ಇವತ್ತು ಬೆಳಿಗ್ಗೆ ಇಟ್ಟಿದ್ದಾಳೆ. ಆ ಮೊಂಡ ಸೂಜಿಯನ್ನು ಈ ಕಾಗದದ ಜೊತೆ ದಪ್ಪ ರಟ್ಟಿಗೆ ಚುಚ್ಚಿ ಕಳಿಸುತ್ತಿದ್ದೇನೆ. ನಿನ್ನ ಹತ್ತಿರ ಇರಲಿ.

ಅಕ್ಕ


ಮಾರ್ಚ್ 13

ಅಕ್ಕಾ,

ಸೂಜಿ ತಲುಪಿತು. ಜಪ್ತಿ ಮಾಡಿದ್ದೇನೆ. ತೂಕದ ಕಟ್ಟೆಯ ಪಕ್ಕದ ನನ್ನ ಗೂಡಿನಲ್ಲಿ, ಮೇಜಿನ ಡ್ರಾಯರಿನೊಳಗೆ ಇದೆ. ಬೀಗದ ಕೈ ನನ್ನ ಸೊಂಟದಲ್ಲಿ.

ನಿನ್ನ ಕಾಗದವನ್ನು ಇವರಿಗೆ ಓದಲು ಕೊಡಲಿಲ್ಲ. ಚೀಟಿ ಬರೆದ ಕಳ್ಳನಿಗೆ ಅದೇ ಶಿಕ್ಷೆ. ‘ಏನಂತೆ, ಏನಂತೆ’ ಅಂತ ಹಿಂದೆ ಹಿಂದೆ ಸುತ್ತುತ್ತಿದ್ದಾರೆ. ‘ಬೇಕಂತೆ’ ಅಂದೆ. ಅಷ್ಟು ಸಾಕಾಯಿತು ಅವರಿಗೆ. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಬೇಕು ಅಂತ ಬರೆದೆಯಲ್ಲ. ಆ ಒಂದು ಮಾತಿಗೆ ನಾನು ಎಷ್ಟು ಕಾದಿದ್ದೆ ಗೊತ್ತಾ? ಕೊಡುತ್ತೇನೆ ಅಂದಾಗ ನೀನು ‘ದೇವರು ನಡೆಸಿದ ಹಾಗೆ’ ಅಂದೆ. ಒಬ್ಬಳೇ ಲಾರಿ ತಳ್ಳುತ್ತಿದ್ದ ಹಾಗಿತ್ತು ನನಗೆ.

ಈಗ ಷರತ್ತು. ನಾಲಿಗೆ ಬಲಗಡೆ ಇರಲಿ. ಕೈ ಮಡಿಲಲ್ಲಿರಲಿ. ತುದಿ ಸಡಿಲವಾದ ಹಾಗೆ ಅನ್ನಿಸಿದರೂ ಸಾಕು, ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ ಹತ್ತಿರ ಹೋಗು, ಅರ್ಧ ದಾರಿಯಲ್ಲಿ ತಿರುಗಿ ಬರಬೇಡ. ಮತ್ತು ತೂಕ ಬರಿ. ಈ ಕಾಗದದಲ್ಲೂ ಬರೆದಿಲ್ಲ.

ಪುಟ್ಟಿ


ಮಾರ್ಚ್ 17

ಪುಟ್ಟಿಗೆ,

ಮೊನ್ನೆ ತುದಿ ಸಡಿಲವಾದ ಹಾಗೆ ಅನ್ನಿಸಿತು. ಹೋದೆ. ನೀನು ಹೇಳಿದ್ದಕ್ಕಲ್ಲ, ನಿನ್ನ ಕಾಗದ ಇವತ್ತು ಬಂತು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೋಗಿದ್ದೆ. ಅವಳು ನೋಡಿ, “ಏನೂ ಆಗಿಲ್ಲ, ಅಂಟು ಗಟ್ಟಿಯಾಗಿದೆ, ಮನೆಗೆ ಹೋಗಿ” ಅಂದಳು. ನಿನ್ನೆ ಮತ್ತೆ ಹಾಗೇ ಅನ್ನಿಸಿತು. ಮತ್ತೆ ಹೋದೆ. “ಅಮ್ಮಾ, ನೀವು ಇಲ್ಲೇ ಒಂದು ಕುರ್ಚಿ ಹಾಕ್ಕೊಂಡು ಇದ್ದುಬಿಡಿ” ಅಂದಳು.

ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ. ಬಟ್ಟೆಯಾದರೆ ಅಲ್ಲಲ್ಲಿ ಎಳೆದು, ಸರಿಮಾಡಿ, ಇಸ್ತ್ರಿ ಹಾಕಿ ನೋಡಬಹುದು. ಇದು ನನ್ನ ಬಾಯೊಳಗೇ ಇದೆ, ಆದರೂ ನನ್ನ ಕೈಯಲ್ಲಿಲ್ಲ. ಬೇರೆಯವರು ಇಟ್ಟದ್ದು ಒಳಗೆ ತನ್ನಷ್ಟಕ್ಕೆ ಕೆಲಸ ಮಾಡುತ್ತಿದೆ, ನಾನು ಅಡ್ಡ ಬರದಿದ್ದರೆ ಸಾಕು. ಪ್ರಾರ್ಥನೆಯಲ್ಲಿ ಈಗ ಅದೊಂದನ್ನೇ ಕೇಳುತ್ತೇನೆ. ಅಡ್ಡ ಬರದ ಹಾಗೆ ಮಾಡಪ್ಪಾ ಅಂತ.

ಅಂಗಡಿಯ ಯಜಮಾನಿ ನನಗೆ ಗುಂಡಿ ಬೇರ್ಪಡಿಸುವ ಕೆಲಸ ಮಾತ್ರ ಕೊಟ್ಟಿದ್ದಾರೆ. ದಾರ ಕಂಡರೆ ಎತ್ತಿಟ್ಟುಬಿಡುತ್ತಾರೆ.

ತೂಕ: ಕೂರುವ ಮುಂಚೆ ಐವತ್ತೆರಡೂವರೆ, ಎದ್ದ ಮೇಲೆ ಐವತ್ತು. ಖಾಲಿ ಗಾಡಿ.

ಅಕ್ಕ


ಏಪ್ರಿಲ್ 12

ಪುಟ್ಟಿ,

ದಾರ ತೆಗೆದಾಗ ಬರೆಯಲಿಲ್ಲ. ಬರೆದರೆ ನಿನಗೆ ಆಸೆ, ಆಮೇಲೆ ಏನಾದರೂ ಆದರೆ ಅಂತ ಹೆದರಿ ಕೈ ಕಟ್ಟಿಕೊಂಡು ಕೂತೆ. ಒಸಡು ಕೂಡಿಕೊಂಡಿದೆಯೋ ಇಲ್ಲವೋ ಅಂತ ನೋಡಲು ಇವತ್ತಿಗೆ ಬರಹೇಳಿದ್ದಳು. ಈ ಇಷ್ಟು ದಿನವೂ ಆ ಕಡೆ ಒಂದು ತುತ್ತು ಅಗಿದಿಲ್ಲ.

ಕಡ್ಡಿ ತೆಗೆದು ಹಲ್ಲಿನ ಸುತ್ತ ಹಾಕಿದಳು. ನಾನು ಕಣ್ಣು ಮುಚ್ಚಿದ್ದೆ. ಎಲ್ಲ ಕಡೆ ಆದ ಮೇಲೆ ಮತ್ತೆ ಮೊದಲಿನಿಂದ ಹಾಕಿದಳು. ನನ್ನ ಎದೆ ಹೊಡೆದುಕೊಳ್ಳುವುದು ಅವಳ ಕಡ್ಡಿಗೂ ತಾಗಿರಬೇಕು.

“ರಕ್ತ ಇಲ್ಲ” ಅಂದಳು.

ಕೀವು? ಅಂದೆ.

“ಅದೂ ಇಲ್ಲ. ಜೇಬು ಮೇಲಕ್ಕೆ ಬಂದಿದೆ. ಕಡ್ಡಿ ಒಳಗೆ ಹೋಗ್ತಾ ಇಲ್ಲ.” ಆಮೇಲೆ ನನ್ನ ಗಲ್ಲ ಹಿಡಿದು, “ಈ ಹಲ್ಲಲ್ಲಿ ಇನ್ನು ದಾರ ಕಡಿದರೆ ಮಾತ್ರ ನಾನೇ ಬಂದು ಕಿತ್ತುಬಿಡ್ತೀನಿ” ಅಂದಳು. ಮಗಳಿದ್ದರೆ ಹೀಗೇ ಬೈಯುತ್ತಿದ್ದಳೇನೋ.

ಅವಳ ಸಹಿ ಹಿಡಿದುಕೊಂಡು ಕಿಡ್ನಿ ಡಾಕ್ಟರ ಹತ್ತಿರ ಮೆಟ್ಟಿಲು ಹತ್ತಿದೆ. ಲಿಫ್ಟಿಗೆ ಕಾಯಲಾಗಲಿಲ್ಲ. ಏಪ್ರಿಲ್ 29 ಅಂತ ಕೊಟ್ಟಿದ್ದಾರೆ. ನಿನ್ನ ಹಳೆಯ ಪರೀಕ್ಷೆಗಳೇ ನಡೆಯುತ್ತವಂತೆ, ಎರಡು ಮಾತ್ರ ಮತ್ತೆ.

‘ಬೇಡ ಅನ್ನಿಸಿದರೆ’ ಅಂತ ಮೊದಲ ಕಾಗದದಲ್ಲಿ ಬರೆದ ಮಾತನ್ನು ಈ ಸಲ ಬರೆಯುವುದಿಲ್ಲ. ನನಗೂ ಹೆದರಿಕೆ ಇದೆ. ನನ್ನ ಜೀವಕ್ಕಿಂತ ನಿನ್ನ ಜೀವದ್ದೇ ಹೆಚ್ಚು. ನಿನಗೂ ಇದೆ ಅಂತ ಗೊತ್ತು, ನಿನ್ನ ಯಜಮಾನರು ಇಲ್ಲ ಅಂದರೂ. ಅದೆಲ್ಲ ಇದ್ದೂ ಕೇಳುತ್ತಿದ್ದೇನೆ.

ಬಾ ಪುಟ್ಟಿ. ಬೇಕು. ಬಾ.

ಅಕ್ಕ


ಏಪ್ರಿಲ್ 26, ಬಸ್ಸಿನಲ್ಲಿ

ಅಕ್ಕಾ,

ಅಕ್ಷರ ಕುಣಿಯುತ್ತಿವೆ, ಕ್ಷಮಿಸು. ರಸ್ತೆ ಹಾಗಿದೆ. ಇವರು ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾರೆ, ಒಳಗೆ ಎಷ್ಟು ಜೇಬು ಇವೆಯೋ ನಿನ್ನ ಹುಡುಗಿ ಡಾಕ್ಟರಿಗೆ ತೋರಿಸಬೇಕು. ಈ ಕಾಗದಕ್ಕೆ ಸ್ಟ್ಯಾಂಪು ಇಲ್ಲ. ನಾನೇ ತಂದು ಕೊಡುತ್ತೇನೆ. ಎದುರಿಗೆ ನಿಂತರೆ ಇದನ್ನು ಹೇಳಲಾರೆ, ಅದಕ್ಕೆ.

ಹೆದರಿಕೆ ಇದೆ. ನೀನು ಸರಿಯಾಗಿ ಹಿಡಿದೆ, ಇವರು ಸುಳ್ಳು ಬರೆದರು, ಅಥವಾ ಇವರಿಗೆ ಗೊತ್ತಿಲ್ಲ. ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ಲಾರಿಗಳೆಲ್ಲ ಹೋದ ಮೇಲೆ ಒಬ್ಬಳೇ ಆ ದೊಡ್ಡ ತೂಕದ ಕಟ್ಟೆಯ ನಡುವೆ ಹೋಗಿ ನಿಂತೆ. ವಾಪಸ್ ಬಂದಾಗ ಒಂದು ಕಡಿಮೆ ಇರುತ್ತದಲ್ಲ, ಈಗ ಎಷ್ಟಿದ್ದೇನೆ ನೋಡಿಡೋಣ ಅಂತ. ಗೂಡಿನೊಳಗಿಂದ ಇವರು ಓದಿ ಹೇಳಿದರು, “ಅರವತ್ತು.” ಸರಿಯಾಗಿ ನೋಡಿ ಅಂದೆ. “ಅರವತ್ತೇ ಕಣೇ, ಇದು ಹತ್ತು ಕಿಲೋಗಿಂತ ಕಡಿಮೆಯನ್ನ ಲೆಕ್ಕಕ್ಕೇ ಇಡೋದಿಲ್ಲ, ನಿನಗೇ ಗೊತ್ತಲ್ಲ” ಅಂದರು.

ಗೊತ್ತು. ಅಲ್ಲಿ ಕೂತು ಇಷ್ಟು ವರ್ಷ ಆಯಿತು, ಆದರೂ ಆ ಕ್ಷಣಕ್ಕೆ ಮರೆತಿದ್ದೆ. ಆ ಕಟ್ಟೆಯ ಮೇಲೆ ನಿಂತು ನಕ್ಕೆ ನಕ್ಕೆ, ಹೆದರಿಕೆ ಅರ್ಧ ಇಳಿಯಿತು. ನಾನು ಕೊಡುವುದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೀನು ತೆಗೆದುಕೊಳ್ಳುವುದೂ ಅಷ್ಟೇ. ಮಿಕ್ಕ ಅರ್ಧ ಹೆದರಿಕೆ ನನ್ನ ಜೊತೆಯಲ್ಲೇ ಬಸ್ಸಿನಲ್ಲಿದೆ. ನಿನ್ನ ಹತ್ತಿರ ಇರುವುದನ್ನೂ ತೆಗೆದಿಡು, ಎರಡನ್ನೂ ಒಟ್ಟಿಗೆ ಹಾಕಿ ನೋಡೋಣ.

ನನ್ನದು ನಿನ್ನೊಳಗೆ ಬಂದ ಮೇಲೆ ಎಳೆಯಬೇಡ, ಸರಿಮಾಡಬೇಡ, ಸೊಟ್ಟಗಿದೆಯೇನೋ ಅಂತ ಕನ್ನಡಿ ಹಿಡಿಯಬೇಡ. ಅದರ ಪಾಡಿಗೆ ಬಿಟ್ಟುಬಿಡು.

ಸೂಜಿ ಜೊತೆಯಲ್ಲೇ ತರುತ್ತಿದ್ದೇನೆ. ಆಸ್ಪತ್ರೆಯವರು ಕೊಡುವ ಪೈಜಾಮಕ್ಕೆ ಲಾಡಿ ಸರಿಯಾಗಿ ಇರುವುದಿಲ್ಲವಂತೆ, ಇಬ್ಬರದನ್ನೂ ನೀನೇ ಹಾಕು. ಹಾಕಿದ ಮೇಲೆ ಸೂಜಿ ವಾಪಸ್ ನನಗೆ.

ಬಸ್ಸು ನಿಧಾನವಾಗುತ್ತಿದೆ. ನಿನ್ನ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣಿಸಿತು. ಇವರನ್ನು ಎಬ್ಬಿಸಬೇಕು.

ಪುಟ್ಟಿ